ಬುಕಿಂಗಿಗೆ 500, ಬಾಯಿ ಮುಚ್ಚಲು 50,000: ಎಸ್ಕಾರ್ಟ್ ಜಾಹೀರಾತಿನ ಮೋಸ ಗುರುತಿಸುವುದು ಹೇಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಸ್ಕಾರ್ಟ್ ಜಾಹೀರಾತು, ಅಂದರೆ ದುಡ್ಡಿಗೆ ಲೈಂಗಿಕ ಸಂಗ ಒದಗಿಸುತ್ತೇವೆ ಎನ್ನುವ ಜಾಹೀರಾತು, ಅಂದ ಕೂಡಲೇ ಜನ ಒಂದೋ ನಗುತ್ತಾರೆ, ಇಲ್ಲಾ ನೆಲ ನೋಡುತ್ತಾರೆ. ಮೋಸಗಾರರ ಇಡೀ ದಂಧೆ ನಿಂತಿರುವುದು ಈ ನೆಲ ನೋಡುವ ಅಭ್ಯಾಸದ ಮೇಲೆ. ಹಳೇ ಫ್ರಿಜ್ ಕೊಳ್ಳಲು ಹೋಗಿ ಐದು ಸಾವಿರ ಕಳೆದುಕೊಂಡವನು ಅರ್ಧ ಗಂಟೆಯೊಳಗೆ ಬ್ಯಾಂಕಿಗೆ ಫೋನ್ ಮಾಡುತ್ತಾನೆ, ಬೀದಿಯವರಿಗೆಲ್ಲ ಹೇಳಿಕೊಂಡು ಬೈಯುತ್ತಾನೆ. ಇಲ್ಲಿ ಕಳೆದುಕೊಂಡವನು ಯಾರಿಗೂ ಹೇಳುವುದಿಲ್ಲ. ಹೇಳುವುದಿಲ್ಲ ಎಂದು ಆ ಕಡೆಯವನಿಗೆ ಚೆನ್ನಾಗಿ ಗೊತ್ತು. ಅವನು ಮೊದಲು ಕೇಳುವ 500 ರೂಪಾಯಿ ದುಡಿಮೆಯಲ್ಲ, ಪರೀಕ್ಷೆ. ಆಮೇಲಿನ ವಸೂಲಿಯೆಲ್ಲ ನಿಮ್ಮ ಮೌನದ ಮೇಲೆ.

ಹಾಗಾಗಿ ಇವತ್ತು ಇಲ್ಲಿ ನೀತಿಪಾಠ ಇಲ್ಲ. ಯಾರು ಯಾಕೆ ಇಂಥ ಪುಟ ತೆರೆದರು ಅನ್ನುವುದು ನಮಗೆ ಬೇಡ. ಈ ಬಲೆಗೆ ಬೀಳುವವರು ಮೂರು ಥರ: ಹಣ ಕಟ್ಟಿ ಕಾಯುವವರು, ಇದೇ ಹೆಸರಿನ 'ಕೆಲಸ'ಕ್ಕೆ ಅರ್ಜಿ ಹಾಕುವವರು, ಮತ್ತು ಏನೂ ಮಾಡದೆ ತಮ್ಮ ಫೋಟೊ, ಫೋನ್ ನಂಬರ್ ಇಂಥ ಪುಟದಲ್ಲಿ ಕಂಡುಕೊಂಡ ಹೆಣ್ಣುಮಕ್ಕಳು. ಮೂರನೆಯವರ ಬಗ್ಗೆ ಮಾತಾಡುವವರು ಕಡಿಮೆ, ಅಲ್ಲಿಗೂ ಬರೋಣ.

ಮೊದಲು ಒಂದು ಪುಟವನ್ನು ನಿಧಾನವಾಗಿ ಓದೋಣ. ಇಂಥ ಹಲವು ಪುಟಗಳ ತುಣುಕು ಜೋಡಿಸಿ ಮಾಡಿಕೊಂಡ ಮಾದರಿ ಇದು. ತಲೆಬರಹ: 'ದಾವಣಗೆರೆ ಹೈ ಪ್ರೊಫೈಲ್ ಎಸ್ಕಾರ್ಟ್ಸ್, 100% ಜೆನ್ಯೂನ್, ನೋ ಅಡ್ವಾನ್ಸ್, ಕ್ಯಾಶ್ ಪೇಮೆಂಟ್'. ಕೆಳಗೆ ಹನ್ನೆರಡು ಫೋಟೊ, ಹನ್ನೆರಡು ಹೆಸರು, ಹನ್ನೆರಡಕ್ಕೂ ಒಂದೇ ವಾಟ್ಸಾಪ್ ಬಟನ್. ಅದರ ಕೆಳಗೆ ಉದ್ದದ ಬರಹ: 'ವಿಮಾನ ನಿಲ್ದಾಣದ ಹತ್ತಿರದ ಎಲ್ಲ ಪಂಚತಾರಾ ಹೋಟೆಲ್‌ಗಳಿಗೂ 20 ನಿಮಿಷದಲ್ಲಿ ಸೇವೆ'. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಯಾವುದೋ ಮಹಾನಗರಕ್ಕೆ ಬರೆದ ಪಠ್ಯದಲ್ಲಿ ಊರಿನ ಹೆಸರು ಮಾತ್ರ ಬದಲಿಸುವ ಪ್ರೋಗ್ರಾಂ ಅದನ್ನು ಮಾಡಿದೆ. ಅದೇ ಪ್ರೋಗ್ರಾಂ ಶಿರಸಿಗೂ ಸಿಂಧನೂರಿಗೂ ಇದೇ ಪುಟ ಹುಟ್ಟಿಸಿರುತ್ತದೆ. ಆ ಬರಹ ಮನುಷ್ಯರು ಓದಲೆಂದು ಬರೆದದ್ದೂ ಅಲ್ಲ, ಗೂಗಲ್‌ನಲ್ಲಿ ಊರಿನ ಹೆಸರು ಹುಡುಕಿದಾಗ ಮೇಲೆ ಬರಲೆಂದು ತುರುಕಿದ್ದು.

ಪರೀಕ್ಷಿಸುವುದು ಸುಲಭ. ಪುಟದ ಮಧ್ಯದಿಂದ ಎಂಟು ಹತ್ತು ಪದಗಳ ಒಂದು ವಾಕ್ಯ ಕಾಪಿ ಮಾಡಿ, ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿ ಹುಡುಕಿ. ಅದೇ ವಾಕ್ಯ ಬೇರೆ ಬೇರೆ ಊರಿನ ಹೆಸರಿನೊಂದಿಗೆ ಸಾಲುಗಟ್ಟಿ ಬಂದರೆ ಅಲ್ಲಿಗೆ ಮುಗಿಯಿತು. ಫೋನ್ ನಂಬರನ್ನೂ ಹಾಗೇ ಹುಡುಕಿ, ಆದರೆ ಮೂರು ರೂಪದಲ್ಲಿ: ಹತ್ತೂ ಅಂಕಿ ಒಟ್ಟಿಗೆ, ಐದು ಐದಾಗಿ ಬಿಡಿಸಿ, ಮುಂದೆ 91 ಸೇರಿಸಿ. ಒಂದು ರೂಪದಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಒಂದೇ ನಂಬರ್ ಮೈಸೂರಿನಲ್ಲಿ ಎಸ್ಕಾರ್ಟ್, ಪುಣೆಯಲ್ಲಿ ಸ್ಪಾ, ಇನ್ನೆಲ್ಲೋ ಪರ್ಸನಲ್ ಲೋನ್ ಆಗಿದ್ದರೆ ಮುಂದೆ ಯೋಚಿಸಬೇಕಾದ್ದಿಲ್ಲ.

ಫೋಟೊಗೆ ಗೂಗಲ್ ಲೆನ್ಸ್ ಇದೆ. ಮುಖದ ಮೇಲೆ ಅಲ್ಲ, ಹಿನ್ನೆಲೆ ಸೇರಿದ ಪೂರ್ತಿ ಚಿತ್ರದ ಮೇಲೆ ಹುಡುಕಿ. ಅದೇ ಚಿತ್ರ ಬೇರೆ ಹೆಸರಿನಲ್ಲಿ, ಬೇರೆ ದೇಶದಲ್ಲಿ ಸಿಗುವುದು ಸಾಮಾನ್ಯ. ಯಾರದೋ ಇನ್‌ಸ್ಟಾಗ್ರಾಂ ಖಾತೆಯಿಂದ ಕದ್ದದ್ದಾಗಿರುತ್ತದೆ. ಗೋಡೆಯ ಪ್ಲಗ್ ಪಾಯಿಂಟ್ ನೋಡುವುದೂ ಒಂದು ಉಪಾಯ. ನಮ್ಮಲ್ಲಿ ದುಂಡನೆಯ ಮೂರು ತೂತು. ಎರಡು ಚಪ್ಪಟೆ ಸೀಳು ಮಾತ್ರ ಇದ್ದರೆ ಆ ಕೋಣೆ ಹುಬ್ಬಳ್ಳಿಯದಾಗಿರುವುದು ಅನುಮಾನ. ಆದರೆ ಲೆನ್ಸ್‌ನಲ್ಲಿ ಏನೂ ಸಿಗಲಿಲ್ಲವೆಂದರೆ ಫೋಟೊ ಅಸಲಿ ಎಂದು ತಿಳಿಯಬೇಡಿ. ಎಐ ಬಂದ ಮೇಲೆ ಎಲ್ಲೂ ಇಲ್ಲದ ಮುಖವನ್ನೇ ಹುಟ್ಟಿಸಬಹುದು, ಅದಕ್ಕೆ ಹಳೆಯ ಕಾಪಿ ಎಲ್ಲಿಂದ ಸಿಗಬೇಕು? ಕಿವಿಯೋಲೆ ಎರಡೂ ಕಡೆ ಒಂದೇ ಥರ ಇದೆಯೇ, ಹಿಂದಿನ ಬೋರ್ಡಿನ ಅಕ್ಷರ ಓದಲು ಬರುತ್ತದೆಯೇ ಎಂದು ನೋಡಬಹುದು. ಈ ಗುರುತುಗಳೂ ದಿನೇದಿನೇ ಮಾಯವಾಗುತ್ತಿವೆ. ನಮ್ಮ ಅಭಿಪ್ರಾಯದಲ್ಲಿ ಫೋಟೊ ಹಿಂದೆ ಬಿದ್ದು ಸಮಯ ಕಳೆಯುವುದಕ್ಕಿಂತ ದುಡ್ಡಿನ ಹಾದಿ ನೋಡುವುದು ಲೇಸು.

ಜಾಲತಾಣದ ವಿಳಾಸದ ಬಗ್ಗೆ ಎರಡು ಮಾತು. ಶಾಲೆ, ಪುರಸಭೆ, ವಿಶ್ವವಿದ್ಯಾಲಯದ ತಾಣಗಳಿಗೆ ನುಗ್ಗಿ ಅವುಗಳೊಳಗೇ ಇಂಥ ಪುಟ ಕೂರಿಸುವುದು ಹಳೆಯ ಚಾಳಿ. ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಇದೆಯೆಂದು ನಂಬುವಂತಿಲ್ಲ. 'ಹದಿನೈದು ವರ್ಷದ ಸೇವೆ' ಎನ್ನುವ ಪುಟದ ಡೊಮೇನ್ (ತಾಣದ ಹೆಸರು) ನೋಂದಾಯಿಸಿದ ದಿನಾಂಕ ಐಕ್ಯಾನ್ ಲುಕಪ್‌ನಂಥ ಕಡೆ ನೋಡಿ, ಎರಡೋ ಮೂರೋ ತಿಂಗಳ ಕೂಸಾಗಿರುತ್ತದೆ. 2016ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 240 ಎಸ್ಕಾರ್ಟ್ ತಾಣಗಳನ್ನು ಬ್ಲಾಕ್ ಮಾಡಲು ಇಂಟರ್‌ನೆಟ್ ಕಂಪನಿಗಳಿಗೆ ಆದೇಶಿಸಿತ್ತು. ಹೆಸರಿನಲ್ಲಿ ಒಂದಕ್ಷರ ಬದಲಿಸಿ ಮರಳಿ ಬರುವುದು ಇವರಿಗೆ ಕೆಲವು ನೂರು ರೂಪಾಯಿಯ ಖರ್ಚು, ಅಷ್ಟೇ.

ಇನ್ನೊಂದು ಗುರುತು ತುಂಬ ಖಚಿತವಾದದ್ದು. 'ಸರ್ಕಾರಿ ಮಾನ್ಯತೆ ಪಡೆದ', 'ಲೈಸೆನ್ಸ್ ಇರುವ', 'ರಿಜಿಸ್ಟರ್ಡ್ ಎಸ್ಕಾರ್ಟ್ ಕಂಪನಿ' ಎಂದಿದ್ದರೆ ಸುಳ್ಳು. ಭಾರತದಲ್ಲಿ ಅಂಥ ಲೈಸೆನ್ಸೇ ಇಲ್ಲ. ವಯಸ್ಕರು ಸ್ವಇಚ್ಛೆಯಿಂದ ಲೈಂಗಿಕ ವೃತ್ತಿ ಮಾಡುವುದು ತನ್ನಷ್ಟಕ್ಕೆ ಅಪರಾಧವಲ್ಲ. ಅಂಥವರನ್ನು ಪೊಲೀಸರು ಹಿಂಸಿಸಬಾರದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2022ರ ಮೇ 19ರ ಆದೇಶದಲ್ಲೂ ಹೇಳಿದೆ. ಆದರೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ವೇಶ್ಯಾಗೃಹ ನಡೆಸುವುದು, ಬೇರೆಯವರ ಆ ದುಡಿಮೆಯಲ್ಲಿ ಬದುಕುವುದು, ಜನರನ್ನು ಒದಗಿಸುವುದು ಅಪರಾಧ. ಅಂದರೆ 'ಏಜೆನ್ಸಿ' ಎಂದು ಹೇಳಿಕೊಳ್ಳುವವನು ಒಂದೋ ಅಪರಾಧಿ, ಇಲ್ಲಾ ಮೋಸಗಾರ. ಅವನ ಕೈಲಿ ಸರ್ಟಿಫಿಕೇಟ್ ಇರಲು ಸಾಧ್ಯವಿಲ್ಲ.

ಈಗ ವಾಟ್ಸಾಪ್ ಒಳಗೆ ಹೋಗೋಣ. ನಿಜವಾದ ಕೆಲಸ ನಡೆಯುವುದು ಅಲ್ಲಿ.

'ಹಾಯ್' ಎಂದು ಕಳಿಸಿದ ಮರುಕ್ಷಣ ಸಿದ್ಧ ಉತ್ತರ ಬರುತ್ತದೆ: ಹತ್ತು ಫೋಟೊ, ರೇಟ್ ಪಟ್ಟಿ, 'ಲೊಕೇಶನ್ ಕಳಿಸಿ'. ಜಾಹೀರಾತಿನಲ್ಲಿ ನೋ ಅಡ್ವಾನ್ಸ್ ಎಂದಿತ್ತು. ಈಗ ಅದರ ಹೆಸರು ಬದಲಾಗುತ್ತದೆ: 'ಅಡ್ವಾನ್ಸ್ ಅಲ್ಲ ಸರ್, ಬರೀ ಬುಕಿಂಗ್ ಕನ್ಫರ್ಮೇಶನ್, 500'. ಕೊಟ್ಟ ಐದು ನಿಮಿಷಕ್ಕೆ 'ಹುಡುಗಿಯ ಸುರಕ್ಷತೆಗೆ ಡೆಪಾಸಿಟ್, 2,000, ರೀಫಂಡ್ ಆಗುತ್ತದೆ'. ಆಮೇಲೆ 'ಕ್ಯಾಬ್ ಹೊರಟಿದೆ' ಎಂದು ಕಾರಿನೊಳಗಿಂದ ತೆಗೆದ ಒಂದು ಫೋಟೊ, ಜೊತೆಗೆ ಡ್ರೈವರ್ ಚಾರ್ಜು. ಆಮೇಲೆ 'ಹೋಟೆಲ್ ಗೇಟ್ ಪಾಸ್'. ಬಾಗಿಲ ಹತ್ತಿರ ಬಂದಾಯಿತು ಎಂದ ಮೇಲೆ 'ಒನ್ ಟೈಂ ಸೀಕ್ರೆಟ್ ಕೋಡ್ ಜನರೇಟ್ ಮಾಡಬೇಕು, 4,999'. ನೀವು 5,000 ಹಾಕಿದಿರೋ, 'ಒಂದು ರೂಪಾಯಿ ಹೆಚ್ಚಾಗಿ ಸಿಸ್ಟಂ ಹ್ಯಾಂಗ್ ಆಗಿದೆ, ಇನ್ನೊಮ್ಮೆ ಸರಿಯಾಗಿ 4,999 ಹಾಕಿ, ಎಲ್ಲ ಒಟ್ಟಿಗೆ ವಾಪಸ್'. ಮೊತ್ತಗಳು ಬದಲಾಗುತ್ತವೆ, ಮೆಟ್ಟಿಲು ಬದಲಾಗುವುದಿಲ್ಲ.

ಈ ಮೆಟ್ಟಿಲು ಹತ್ತುವವರೆಲ್ಲ ದಡ್ಡರಲ್ಲ. ಪ್ರತಿ ಸಲವೂ ಹಿಂದೆ ಕೊಟ್ಟದ್ದು ಉಳಿಯಲಿ ಎಂದೇ ಮುಂದಿನದನ್ನು ಕೊಡುತ್ತಾರೆ. ಕೇಳಿದ ಹಣಕ್ಕೆಲ್ಲ 'ರೀಫಂಡ್' ಎಂಬ ಬಾಲ ಅಂಟಿಸುವುದು ಅದಕ್ಕೇ. ಗಡಿಯಾರವೂ ಕೆಲಸ ಮಾಡುತ್ತದೆ: 'ಹೊರಗೆ ನಿಂತಿದ್ದಾಳೆ, ಎರಡು ನಿಮಿಷದಲ್ಲಿ ಹಾಕಿ'.

ದುಡ್ಡಿನ ಹಾದಿಯ ಗುರುತುಗಳು ಇವು. ಮೊದಲನೆಯದು, ಯುಪಿಐ ಪರದೆಯಲ್ಲಿ ಕಾಣುವ ಹೆಸರು. ಪಿನ್ ಒತ್ತುವ ಮೊದಲು ಆ್ಯಪ್ ತೋರಿಸುವುದು ಬ್ಯಾಂಕಿನಲ್ಲಿ ಇರುವ ಹೆಸರು; ಚಾಟ್‌ನಲ್ಲಿ 'ಅನನ್ಯಾ', ಪರದೆಯಲ್ಲಿ ಯಾವುದೋ ರಾಜ್ಯದ ಗಂಡಸಿನ ಹೆಸರು ಇಲ್ಲವೇ 'ಟ್ರೇಡರ್ಸ್'. ಕೇಳಿದರೆ 'ಮ್ಯಾನೇಜರ್ ಖಾತೆ' ಎನ್ನುತ್ತಾರೆ. ಎರಡನೆಯದು, ಒಂದೊಂದು ಕಂತಿಗೂ ಹೊಸ ಕ್ಯುಆರ್ ಕೋಡ್. ಇವೆಲ್ಲ ಬಾಡಿಗೆ ಖಾತೆಗಳು. ದೂರು ಬಂದರೆ ಒಂದು ಖಾತೆ ಫ್ರೀಜ್ ಆಗುತ್ತದೆ, ಹಾಗಾಗಿ ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿ ಇಡುವುದಿಲ್ಲ. ಮೂರನೆಯದು, ರೀಫಂಡ್ ಕೊಡಲು ಕ್ಯುಆರ್ ಸ್ಕ್ಯಾನ್ ಮಾಡಿಸುವುದು. ಹಣ ಬರಬೇಕಾದರೆ ಪಿನ್ ಬೇಕಿಲ್ಲ. ಪಿನ್ ಒತ್ತಿದಿರಿ ಎಂದರೆ ಹಣ ಹೋಯಿತು ಎಂದೇ ಅರ್ಥ.

ಹಣ ಕೇಳದೆ ಬೇರೆ ಏನಾದರೂ ಕೇಳಿದರೆ ಅದು ಇನ್ನೂ ಕೆಟ್ಟದ್ದು. 'ನಂಬಿಕೆಗೆ ವಿಡಿಯೊ ಕಾಲ್ ಮಾಡಿ' ಎಂದರೆ ಆ ಕಡೆ ಓಡುತ್ತಿರುವುದು ಮೊದಲೇ ತೆಗೆದ ಕ್ಲಿಪ್. ಈ ಕಡೆ ನಿಮ್ಮ ಮುಖ ಸ್ಕ್ರೀನ್ ರೆಕಾರ್ಡ್ ಆಗುತ್ತಿರುತ್ತದೆ. ಹತ್ತು ಸೆಕೆಂಡ್ ಸಾಕು. 'ವೆರಿಫಿಕೇಶನ್‌ಗೆ ಆಧಾರ್ ಮತ್ತು ಸೆಲ್ಫಿ' ಎಂದರೆ ನಿಮ್ಮ ಗುರುತಿನಲ್ಲಿ ಸಿಮ್‌ಗೋ ಸಾಲಕ್ಕೋ ಅರ್ಜಿ ಬೀಳಬಹುದು. 'ಕ್ಯಾಟಲಾಗ್ ನೋಡಲು ಈ ಆ್ಯಪ್ ಹಾಕಿ' ಎಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್) ಬಂದರೆ, ಅದು ಎಸ್‌ಎಂಎಸ್ ಮತ್ತು ಆ್ಯಕ್ಸೆಸಿಬಿಲಿಟಿ (ಪರದೆ ಓದಿ, ನಿಮ್ಮ ಬದಲು ತಾನೇ ಒತ್ತುವ) ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಓಟಿಪಿ ಅವರ ಕೈಲಿ. ಹಾಕಿಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಮುಖ್ಯ ಫೈಲ್ ತೆಗೆದಿಟ್ಟು ಫ್ಯಾಕ್ಟರಿ ರೀಸೆಟ್ ಮಾಡಿ. ಕರೆ ಬೇರೆಡೆಗೆ ತಿರುಗಿದೆಯೇ ಎಂದು *#21# ಒತ್ತಿ ನೋಡಿ. ತಿರುಗಿದ್ದರೆ ##002# ಒತ್ತಿ ರದ್ದುಮಾಡಿ.

ನೀವು 'ಸಾಕು, ಬೇಡ' ಎಂದ ಗಳಿಗೆಯಿಂದ ಎರಡನೆಯ ಅಂಕ. 'ಹುಡುಗಿಯ ಸಮಯ ಹಾಳಾಯಿತು, ಕ್ಯಾನ್ಸಲೇಶನ್ 10,000' ಎಂದು ಶುರು. ಬಂದೂಕಿನ ಫೋಟೊ, ಹೊಡೆದು ಹಾಕಿದ ದೇಹಗಳ ವಿಡಿಯೊ, ನಿಮ್ಮದೇ ಮನೆ ಬೀದಿಯ ಮ್ಯಾಪ್ ಚಿತ್ರ, ಫೇಸ್‌ಬುಕ್‌ನಿಂದ ತೆಗೆದ ಹೆಂಡತಿ ಮಕ್ಕಳ ಫೋಟೊ. ಹೆದರಿಸುವ ಈ ಸರಕೆಲ್ಲ ಇಂಟರ್‌ನೆಟ್ಟಿನಲ್ಲಿ ಬಿದ್ದಿರುವುದೇ. ನಿಮ್ಮ ಲೊಕೇಶನ್ ಕೊಟ್ಟವರು ನೀವೇ, ಹೆಸರು ಕೊಟ್ಟದ್ದು ಟ್ರೂಕಾಲರ್. ದೂರದ ಊರಲ್ಲಿ ಕೂತು ದಿನಕ್ಕೆ ಹತ್ತಾರು ಜನರನ್ನು ಹೆದರಿಸುವವನು ನಿಮ್ಮೊಬ್ಬರಿಗಾಗಿ ಬಸ್ ಹತ್ತಿ ಬರುವುದಿಲ್ಲ.

ಮೂರನೆಯ ಅಂಕದಲ್ಲಿ ಖಾಕಿ ಬರುತ್ತದೆ. ಡಿಪಿಯಲ್ಲಿ ಸಮವಸ್ತ್ರ, 'ಕ್ರೈಂ ಬ್ರಾಂಚ್' ಹೆಸರು, ವಾಟ್ಸಾಪ್‌ನಲ್ಲಿ ಎಫ್‌ಐಆರ್ ಪ್ರತಿ, 'ಹುಡುಗಿ ಆತ್ಮಹತ್ಯೆಗೆ ಯತ್ನಿಸಿದ್ದಾಳೆ, ಸೆಟಲ್ ಮಾಡಿಕೊಳ್ಳಿ'. ಅವನ ಹಿಂದೆಯೇ 'ಯೂಟ್ಯೂಬ್ ಅಧಿಕಾರಿ', ವಿಡಿಯೊ ಅಳಿಸಲು ಇಷ್ಟು ಎನ್ನುತ್ತಾನೆ. ಯೂಟ್ಯೂಬ್‌ಗೆ ಅಂಥ ಅಧಿಕಾರಿಯೂ ಇಲ್ಲ, ಅಂಥ ಶುಲ್ಕವೂ ಇಲ್ಲ. ಪೊಲೀಸರು ಕೇಸು ಮುಚ್ಚಲು ಯುಪಿಐನಲ್ಲಿ ಹಣ ಪಡೆಯುವ ಪದ್ಧತಿ ಯಾವ ಕಾನೂನಿನಲ್ಲೂ ಇಲ್ಲ. ಹೀಗೆ ವೇಷ ಹಾಕುವುದು, ಬೆದರಿಸಿ ಕೀಳುವುದು, ವಂಚಿಸುವುದು ಎಲ್ಲಕ್ಕೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್‌ಗಳಿವೆ: 204, 308, 318. ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ, ಮೂರು ವರ್ಷದವರೆಗೆ ಜೈಲು. ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದವನು ಅವನು.

ಕೆಲಸದ ಜಾಹೀರಾತುಗಳಿಗೆ ಬರೋಣ. 'ಪ್ಲೇಬಾಯ್ ಜಾಬ್, ದಿನಕ್ಕೆ 15,000, ಶ್ರೀಮಂತ ಮಹಿಳೆಯರು' ಎಂದು ಬಸ್ ನಿಲ್ದಾಣದ ಶೌಚಾಲಯದ ಗೋಡೆಯಿಂದ ಫೇಸ್‌ಬುಕ್ ಗುಂಪುಗಳವರೆಗೆ ಇರುತ್ತದೆ. ರಿಜಿಸ್ಟ್ರೇಶನ್ 1,500, ಆಮೇಲೆ ಐಡಿ ಕಾರ್ಡ್, ಮೆಡಿಕಲ್, ಕಿಟ್, 'ಕ್ಲೈಂಟ್ ಹೋಟೆಲ್ ಬುಕಿಂಗ್‌ನ ಅರ್ಧ'. ಕ್ಲೈಂಟ್ ಎಂದೂ ಬರುವುದಿಲ್ಲ. ಸಂಬಳ ಕೊಡಬೇಕಾದವನು ನಿಮ್ಮಿಂದಲೇ ಹಣ ಕೇಳಿದರೆ ಅದು ಕೆಲಸವಲ್ಲ, ಇಷ್ಟೇ ನೆನಪಿಟ್ಟರೆ ಸಾಕು.

ಹೆಣ್ಣುಮಕ್ಕಳಿಗೆ ಬರುವ 'ಹೋಸ್ಟೆಸ್', 'ಮಾಡೆಲಿಂಗ್', 'ಸ್ಪಾ ಥೆರಪಿಸ್ಟ್' ಜಾಹೀರಾತು ಇದಕ್ಕಿಂತ ಅಪಾಯದ್ದು, ಏಕೆಂದರೆ ಅಲ್ಲಿ ಹೋಗುವುದು ಹಣವಲ್ಲ, ಸ್ವಾತಂತ್ರ್ಯ. ಕೆಲಸದ ಜಾಗದ ಹೆಸರು ಕೊನೆಯವರೆಗೂ ಹೇಳುವುದಿಲ್ಲ. ಮೂಲ ಆಧಾರ್, ಪಾಸ್‌ಪೋರ್ಟ್ 'ಆಫೀಸಿನಲ್ಲಿ ಇರಲಿ' ಎನ್ನುತ್ತಾರೆ. ಪ್ರಯಾಣ, ಊಟ, ಬಟ್ಟೆ ಎಲ್ಲ ಸಾಲದ ಲೆಕ್ಕಕ್ಕೆ ಬೀಳುತ್ತದೆ, ಆ ಸಾಲ ತೀರುವವರೆಗೆ ಬಿಡುವುದಿಲ್ಲ. ದುಬೈ ಕಡೆಗೆ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸುತ್ತೇವೆ ಎಂದರೆ ಅಲ್ಲೇ ನಿಲ್ಲಿ. ವಿದೇಶಕ್ಕೆ ಕಳಿಸುವ ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ಪಟ್ಟಿಯಲ್ಲಿ ನೋಡಬಹುದು.

ಜಾಹೀರಾತಿನ ಹಿಂದೆ ನಿಜವಾಗಿಯೂ ಯಾರೋ ಸಿಕ್ಕಿಬಿದ್ದಿದ್ದಾರೆ ಎಂಬ ಸುಳಿವೂ ಕೆಲವೊಮ್ಮೆ ಇರುತ್ತದೆ. ಅವಳ ಪರವಾಗಿ ಯಾವಾಗಲೂ ಇನ್ನೊಬ್ಬರೇ ಮಾತಾಡುತ್ತಾರೆ, ಒಂದೇ ಮುಖ ವಾರಕ್ಕೊಂದು ಊರಿನಲ್ಲಿ 'ನ್ಯೂ ಅರೈವಲ್' ಆಗಿ ಕಾಣುತ್ತದೆ, ವಯಸ್ಸು ಚಿಕ್ಕದೆಂದು ಅನ್ನಿಸುತ್ತದೆ. ನೀವೇ ಹೋಗಿ ಬಿಡಿಸುವ ಸಾಹಸ ಬೇಡ, ಅವಳಿಗೇ ಪೆಟ್ಟು ಬೀಳುತ್ತದೆ. 112ಕ್ಕೆ, ಮಗುವಾಗಿದ್ದರೆ 1098ಕ್ಕೆ ತಿಳಿಸಿ. ಮಕ್ಕಳ ಅಶ್ಲೀಲ ಚಿತ್ರ ಇದ್ದರೆ 'ಸಾಕ್ಷಿಗೆ' ಎಂದು ಇಟ್ಟುಕೊಳ್ಳುವುದೂ ಯಾರಿಗಾದರೂ ಕಳಿಸುವುದೂ ಅಪರಾಧವಾಗಬಹುದು. ಪುಟದ ವಿಳಾಸ ಮಾತ್ರ ಬರೆದುಕೊಂಡು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ಕೊಡಿ. ಅಲ್ಲಿ ಹೆಸರು ಹೇಳದೆ ದೂರು ಕೊಡುವ ಅವಕಾಶ ಇದೆ.

ಇನ್ನು ಮೂರನೆಯವರು, ತಮ್ಮ ಫೋಟೊ, ನಂಬರ್ ಇಂಥ ಪುಟದಲ್ಲಿ ಕಂಡುಕೊಂಡ ಹೆಣ್ಣುಮಕ್ಕಳು. ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಗಂಡಸರ ಕರೆ ಒಂದರ ಹಿಂದೆ ಒಂದು, 'ರೇಟ್ ಎಷ್ಟು?' ಎಂದು. ಹಗೆಯಿಂದ ಯಾರೋ ನಂಬರ್ ಹಾಕಿರುತ್ತಾರೆ: ಬಿಟ್ಟುಹೋದ ಗೆಳೆಯ, ಸಹೋದ್ಯೋಗಿ, ಜಾಗದ ತಕರಾರಿನ ನೆಂಟ. ಸಿಮ್ ಬದಲಿಸುವುದು, ನಂಬರ್ ಮುಚ್ಚುವುದು ಮೊದಲು ತೋಚುವ ಉಪಾಯ. ಆದರೆ ಸಾಕ್ಷಿ ಹಿಡಿಯದೆ ಹಾಗೆ ಮಾಡಬೇಡಿ. ಕರೆ ಮಾಡಿದವರಲ್ಲಿ ಸ್ವಲ್ಪ ಸಭ್ಯವಾಗಿ ಮಾತಾಡಿದ ಒಬ್ಬರಿಂದ 'ನಂಬರ್ ಎಲ್ಲಿ ಸಿಕ್ಕಿತು, ಲಿಂಕ್ ಕಳಿಸಿ' ಎಂದು ಕೇಳಿ. ಬಹಳ ಸಲ ಜಾಹೀರಾತು ಪತ್ತೆಯಾಗುವುದೇ ಹೀಗೆ. ಪುಟದ ಪೂರ್ತಿ ವಿಳಾಸ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲಿನ ವಿಳಾಸದ ಸಾಲು ಕತ್ತರಿಸಿದ ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಆಮೇಲೆ ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. ನಗ್ನ ಅಥವಾ ತಿರುಚಿದ ಖಾಸಗಿ ಚಿತ್ರವಾದರೆ ಸಂತ್ರಸ್ತೆಯ ದೂರಿನ ಮೇಲೆ ಬೇಗನೆ ತೆಗೆಯಲೇಬೇಕು. 2021ರ ಐಟಿ ನಿಯಮಗಳು ಬಂದಾಗ ಕೊಟ್ಟ ಗಡುವೇ 24 ಗಂಟೆ. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯೂ ಇದೆ. ಅಲ್ಲಿ ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಅದರ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಸಹಭಾಗಿ ಕಂಪನಿಗಳು ಅದೇ ಚಿತ್ರ ಮತ್ತೆ ಏರದಂತೆ ತಡೆಯುತ್ತವೆ.

ಹಣ ಹೋದ ಮೇಲೆ ಏನು? ಗಡಿಯಾರ ನೋಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆ ಚಿನ್ನ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ಓಡುತ್ತಿರುತ್ತದೆ, ಎಲ್ಲಿ ಸಿಕ್ಕರೆ ಅಲ್ಲಿ ತಡೆಹಿಡಿಯುವುದು ಆ ವ್ಯವಸ್ಥೆಯ ಕೆಲಸ. ಕರೆಗೆ ಮೊದಲು ಕೈಲಿರಬೇಕಾದ್ದು: ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆ, ಮೊತ್ತ, ಸಮಯ, ಆ ಕಡೆಯ ಯುಪಿಐ ಐಡಿ, ನಿಮ್ಮ ಬ್ಯಾಂಕಿನ ಹೆಸರು. ಐದು ಕಂತು ಕಟ್ಟಿದ್ದರೆ ಐದರದ್ದೂ ಬೇಕು. ನಾಚಿಕೆಯಿಂದ ಒಂದನ್ನೇ ಹೇಳಿದರೆ ಉಳಿದ ನಾಲ್ಕು ಖಾತೆ ಆರಾಮವಾಗಿ ಖಾಲಿಯಾಗುತ್ತವೆ. ಆಮೇಲೆ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ದೂರಿನಲ್ಲಿ ಏನು ಬರೆಯಬೇಕು ಎಂಬ ಅಳುಕು ಎಲ್ಲರಿಗೂ. 'ಆನ್‌ಲೈನ್ ಜಾಹೀರಾತಿನ ನಂಬರಿಗೆ ಸಂಪರ್ಕಿಸಿದೆ, ಇಂಥ ದಿನ ಇಷ್ಟು ಹಣ ಪಡೆದು ವಂಚಿಸಿ, ಈಗ ಬೆದರಿಸುತ್ತಿದ್ದಾರೆ' ಎಂದು ನಡೆದದ್ದನ್ನು ನೇರವಾಗಿ ಬರೆದರೆ ಸಾಕು. ಸುಳ್ಳು ಕಥೆ ಕಟ್ಟಬೇಡಿ. ಚಾಟ್ ತೆರೆದ ಕೂಡಲೇ ಅದು ಬೀಳುತ್ತದೆ, ನಿಮ್ಮ ಮಾತಿನ ತೂಕವೂ ಹೋಗುತ್ತದೆ. ಚಾಟ್ ಅಳಿಸಬೇಡಿ, ಎಕ್ಸ್‌ಪೋರ್ಟ್ ಮಾಡಿ ಇಡಿ, ಡಿಸಪಿಯರಿಂಗ್ ಮೆಸೇಜ್ ಆನ್ ಇದ್ದರೆ ಆಫ್ ಮಾಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಗೆಳೆಯರ ಪಟ್ಟಿ ಮುಚ್ಚಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹೇಳಿದ ಮೇಲೆ ಅವನ ಕೈಲಿ ಮಾರಲು ಏನೂ ಉಳಿಯುವುದಿಲ್ಲ. ಮನಸ್ಸು ಕುಸಿದು ಜೀವದ ಮೇಲೆಯೇ ಬೇಸರ ಬಂದರೆ ಟೆಲಿ ಮಾನಸ್ 14416, ಇಪ್ಪತ್ತನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಸಾಮಾನ್ಯವಾಗಿ ಬರುವ ಎರಡು ಪ್ರಶ್ನೆ. 'ಬ್ಲಾಕ್ ಮಾಡಿದೆ, ಈಗ ಬೇರೆ ನಂಬರಿನಿಂದ ಬರುತ್ತಿದ್ದಾನೆ, ಸ್ವಲ್ಪ ಕೊಟ್ಟು ಮುಗಿಸಲೇ?' ಕೊಟ್ಟರೆ ನಿಮ್ಮ ಹೆಸರು 'ಕೊಡುವವರ' ಪಟ್ಟಿಗೆ ಹೋಗುತ್ತದೆ, ಆ ಪಟ್ಟಿಯೂ ಕೈಯಿಂದ ಕೈಗೆ ಮಾರಾಟವಾಗುವ ಸರಕು. ಉತ್ತರ ಕೊಡಬೇಡಿ, ಬೈಯಲೂ ಬೇಡಿ. ಪ್ರತಿ ಹೊಸ ನಂಬರಿನ ಸ್ಕ್ರೀನ್‌ಶಾಟ್ ದೂರಿಗೆ ಸೇರಿಸಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲೂ ವರದಿ ಮಾಡಿ, ಬ್ಲಾಕ್ ಮಾಡಿ. ಉತ್ತರ ಸಿಗದ ನಂಬರಿನ ಮೇಲೆ ಅವರು ಬಹಳ ದಿನ ಸಮಯ ಹಾಕುವುದಿಲ್ಲ, ಇನ್ನೊಬ್ಬ ಸಿಗುತ್ತಾನೆ.

'ಇನ್‌ಸ್ಟಾಗ್ರಾಂನಲ್ಲಿ ಎಥಿಕಲ್ ಹ್ಯಾಕರ್ ಒಬ್ಬ ಹಣ ವಾಪಸ್ ಕೊಡಿಸುತ್ತೇನೆ, ವಿಡಿಯೊ ಅಳಿಸುತ್ತೇನೆ ಎನ್ನುತ್ತಿದ್ದಾನೆ, ಫೀಸು 3,000.' ಅವನ ಕ್ಯುಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತದೆ, ಪರದೆಯಲ್ಲಿ ಬರುವ ಹೆಸರು ನೋಡಿ. ಎಥಿಕಲ್ ಹ್ಯಾಕರ್ ಹೆಸರಿನ ಬದಲು ಅಲ್ಲೂ ಇನ್ನೊಂದು 'ಟ್ರೇಡರ್ಸ್' ಕಾಣುತ್ತದೆ. ಆ ಸ್ಕ್ರೀನ್‌ಶಾಟನ್ನೂ ದೂರಿಗೆ ಲಗತ್ತಿಸಿ.